ಗೋಡೆ ಗಟ್ಟಿ ಇತ್ತು, ಕೆಲಸ ಕೆಟ್ಟಿತ್ತು

ನಮ್ಮ ವಠಾರದ ಹೆಬ್ಬಾಗಿಲಿಗೆ ಕಾರ್ಪೊರೇಷನ್ನಿನವರು ನೋಟಿಸ್ ಅಂಟಿಸಿಹೋದ ದಿನ ನಾನು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದಾಗ ಅಂಟು ಇನ್ನೂ ಹಸಿಯಾಗಿತ್ತು. ಒಂಬತ್ತು ಮನೆಯವರೂ ಬಾಗಿಲಲ್ಲಿ ಗುಂಪುಗೂಡಿದ್ದರು. ನಾನು ಸೈಕಲ್ಲಿಳಿದ ಕೂಡಲೇ ದಾರಿ ಬಿಟ್ಟರು. ನಾನು ಓದಿ ಹೇಳಲಿ ಅಂತಲ್ಲ, ಓದೋದಕ್ಕೆ ಎಷ್ಟು ಹೊತ್ತು ತಗೊಳ್ಳುತ್ತೇನೆ ಅಂತ ನೋಡೋದಕ್ಕೆ. ಆ ಜನರ ಬುದ್ಧಿ ನನಗೆ ಗೊತ್ತಿತ್ತು. ನಾನು ಐದನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಕರಣೆ ಹಿಡಿದವನು, ಗಾರೆ ಕೆಲಸದವನು. ಓದು ನಿಧಾನ, ಆದರೆ ಓದುತ್ತೇನೆ. ಅವತ್ತೂ ಅಲ್ಲೇ ನಿಂತು ಪೂರ್ತಿ ಓದಿದೆ. ಯಾರು ನಗುತ್ತಾರೋ ನಗಲಿ ಅಂತ ಬೆರಳಿಟ್ಟುಕೊಂಡೇ ಓದಿದೆ.

ಅದರಲ್ಲಿದ್ದದ್ದು ಇಷ್ಟು. ಚಾಮರಾಜಪೇಟೆಯ ಈ ವಠಾರ ಶಿಥಿಲವಾಗಿದೆ, ಇವತ್ತೋ ನಾಳೆಯೋ ಬೀಳುವ ಹಾಗಿದೆ, ಆದ್ದರಿಂದ ಇದನ್ನು ಕೆಡವಿ ಮೂರು ಅಂತಸ್ತಿನ ಫ್ಲ್ಯಾಟುಗಳನ್ನು ಕಟ್ಟಲು ಅನುಮತಿ ಕೊಡಬೇಕು ಎಂದು ಮಾಲೀಕರು ಅರ್ಜಿ ಹಾಕಿದ್ದಾರೆ. ಯಾರಿಗಾದರೂ ತಕರಾರಿದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬಹುದು. ಇಂಜಿನಿಯರ್ ಬಂದು ಜಾಗ ನೋಡುತ್ತಾರೆ, ಆಮೇಲೆ ಎರಡೂ ಕಡೆಯವರನ್ನು ಕರೆಸಿ ವಿಚಾರಣೆ ಮಾಡುತ್ತಾರೆ.

ಶಿಥಿಲವಂತೆ! ಹದಿನಾಲ್ಕು ವರ್ಷದಿಂದ ಆ ವಠಾರದ ಹೆಂಚು, ತಾರಸಿ, ಮೋರಿ, ನಲ್ಲಿ ಕಟ್ಟೆ ಎಲ್ಲ ರಿಪೇರಿ ಮಾಡಿದವನು ನಾನು. ಹಳೇ ಯಜಮಾನರು ಇರೋತನಕ ತಿಂಗಳಿಗೊಂದು ಸಲ ಬಳೇಪೇಟೆಯ ಅಂಗಡಿಯಿಂದ ಬಂದು ಅಂಗಳದಲ್ಲಿ ನಿಂತು, "ಮೇಸ್ತ್ರಿ, ನೋಡ್ಕೊಳ್ಳಪ್ಪ" ಅನ್ನೋರು. ಅಷ್ಟೇ. ಎಲ್ಲಿ ಏನು ಕಿತ್ತುಹೋಗಿದೆ, ಏನು ಬಳಿಯಬೇಕು ಎಂದು ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಆ ಒಂದು ಮಾತೇ ಅಪ್ಪಣೆ. ಅವರು ತೀರಿಕೊಂಡ ಮೇಲೆ ಅವರ ಮಗ ಬಂದ. ಬಿಳೀ ಪ್ಯಾಂಟು, ಹೊಸ ಸ್ಕೂಟರು. ಅಂಗಳಕ್ಕೆ ಕಾಲಿಡುವಾಗ ಒದ್ದೆ ನೆಲ ನೋಡಿ ಹಿಮ್ಮಡಿ ಎತ್ತಿಕೊಂಡು ನಡೆಯೋನು. ಅವನಿಗೆ ಆ ವಠಾರದಲ್ಲಿ ಮನೆಗಳು ಕಾಣುತ್ತಲೇ ಇರಲಿಲ್ಲ, ಸೈಟು ಕಾಣುತ್ತಿತ್ತು.

ನಮ್ಮಲ್ಲಿ ಕಾಗದ ಪತ್ರ ಬಲ್ಲವರೆಂದರೆ ಮೂಲೆಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು. ಅವತ್ತೇ ಅವರ ಜಗಲಿಯ ಮೇಲೆ ಎಲ್ಲ ಸೇರಿದೆವು.

"ನೋಡಿ, ವಿಷ್ಯ ಸರಳ" ಅಂದರು ಅವರು, ಕನ್ನಡಕ ಒರೆಸುತ್ತಾ. "ಕಟ್ಟಡ ಬೀಳೋ ಹಾಗಿದೆ ಅಂತ ಇಂಜಿನಿಯರ್ ಬರೆದ್ರೆ ನಾವೆಲ್ಲ ಗಂಟುಮೂಟೆ ಕಟ್ಬೇಕು. ಗಟ್ಟಿಯಾಗಿದೆ ಅಂತ ಬರೆದ್ರೆ ಅವನ ಪ್ಲ್ಯಾನು ವಾಪಸ್ಸು. ಮಿಕ್ಕಿದ್ದೆಲ್ಲ ಬರೀ ಮಾತು."

"ಗಟ್ಟಿಯಾಗಿದೆ ಸ್ವಾಮಿ" ಅಂದೆ ನಾನು. "ಒಂದೊಂದು ಗೋಡೇನೂ ಬಡಿದು ನೋಡಿದೀನಿ."

"ನಿಮ್ಮ ಮನೆ ಗೋಡೇನೂ ಬಡಿದ್ರಾ?" ಅಂದಳು ಎದುರುಮನೆಯ ಟೈಲರ್ ಹೆಂಡತಿ. "ಕಿಟಕಿ ಹತ್ರ ಬಿರುಕು ಬಿಟ್ಟು ಎರಡು ವರ್ಷ ಆಯ್ತಲ್ಲ. ಊರ ಮನೆಗೆಲ್ಲ ಗಾರೆ ಹಾಕ್ತಾರೆ, ತಮ್ಮನೇಲಿ ಮಾತ್ರ ಹಲ್ಲಿಗೆ ದಾರಿ ಬಿಟ್ಟಿದಾರೆ."

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ಆ ನಗು ನನಗೆ ಚುಚ್ಚಿತು. ಆಮೇಲೆ ನಾನು ಮಾಡಿದ ಕೆಲಸಕ್ಕೆ ಆ ನಗುವೇ ಕಾರಣ ಅಂತ ಎಷ್ಟೋ ವರ್ಷ ಅವಳನ್ನೇ ಬೈದುಕೊಂಡಿದ್ದೇನೆ. ಅವಳು ಕಾರಣ ಅಲ್ಲ.

ಆ ಬಿರುಕಿನ ವಿಷಯ ಹೇಳಬೇಕು. ನಮ್ಮ ಮನೆ ವಠಾರದ ಕೊನೆಯದು. ಅದರ ಪಡುವಣ ಗೋಡೆಯೇ ವಠಾರದ ಹೊರಗೋಡೆ, ಅದರಾಚೆ ಗಲ್ಲಿ. ಗಲ್ಲಿಯ ಮೋರಿ ನೀರು ಸಿಡಿದು ಸಿಡಿದು, ತೇವ ಹತ್ತಿ, ಗೋಡೆಯ ಒಳಗೂ ಹೊರಗೂ ಹಳೇ ಸುಣ್ಣದ ಗಾರೆ ಸಡಿಲವಾಗಿತ್ತು. ಕಿಟಕಿಯ ಮೂಲೆಯಿಂದ ಕೆಳಕ್ಕೆ ಒಂದು ಮೊಳ ಉದ್ದದ ಬಿರುಕು. ಅದು ಮೇಲಿನ ಗಾರೆಗೆ ಮಾತ್ರ, ಒಳಗಿನ ಇಟ್ಟಿಗೆಗಲ್ಲ. ನನಗೆ ಗೊತ್ತಿತ್ತು. ಅದನ್ನು ಸರಿಯಾಗಿ ಮಾಡಬೇಕೆಂದರೆ ಸುಣ್ಣ ಅರಳಿಸಬೇಕು, ಮರಳು ಸೇರಿಸಿ ಗಾಣದಲ್ಲಿ ಅರೆಯಬೇಕು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಬೇಕು, ಬಳಿದ ಮೇಲೆ ಮೂರು ವಾರ ದಿನಾ ಎರಡು ಹೊತ್ತು ನೀರು ಚಿಮುಕಿಸಬೇಕು. ಗಾರೆ ಅರೆಯೋ ಗಾಣಗಳೆಲ್ಲ ಅಷ್ಟು ಹೊತ್ತಿಗೆ ನಿಂತುಹೋಗಿದ್ದವು. ಎಲ್ಲರಿಗೂ ಸಿಮೆಂಟು ಬೇಕು. ಪರ್ಮಿಟ್ಟು ಹಿಡಿದು ಸಾಲಲ್ಲಿ ನಿಂತರೂ ಸಿಮೆಂಟು ಸಿಗದ ಕಾಲ, ಆದರೂ ಸಿಮೆಂಟೇ ಬೇಕು. ಕೈಯಲ್ಲಿ ಅರೆದು ಮಾಡೋಣ ಅಂತ ನಾನು ಭಾನುವಾರದಿಂದ ಭಾನುವಾರಕ್ಕೆ ಮುಂದೂಡುತ್ತಾ ಬಂದಿದ್ದೆ. ಅವರಿವರ ಮನೆ ಕೆಲಸ ಮುಗಿಯೋದಕ್ಕೇ ಆರು ದಿನ ಸಾಲುತ್ತಿರಲಿಲ್ಲ.

ಪೋಸ್ಟ್‌ಮಾಸ್ಟರು ತಕರಾರು ಅರ್ಜಿ ಬರೆದರು, ಒಂಬತ್ತು ಮನೆಯವರೂ ಸಹಿ ಹಾಕಿದೆವು. ಇಂಜಿನಿಯರ್ ಗುರುವಾರ ಬರುತ್ತಾರೆ ಅಂತ ಅದಕ್ಕೆ ಹಿಂದಿನ ಶನಿವಾರ ಕಾಗದ ಬಂತು.

ಭಾನುವಾರ ಬೆಳಿಗ್ಗೆ ಎದ್ದು ಆ ಬಿರುಕನ್ನೇ ನೋಡುತ್ತಾ ಕೂತೆ. ಇಂಜಿನಿಯರ್ ಬರ್ತಾನೆ. ಈ ಮನೆ ಯಾರದು ಅಂತಾನೆ. ಮೇಸ್ತ್ರಿದು ಅಂತಾರೆ. ಟೈಲರ್ ಹೆಂಡತಿ ಪಕ್ಕದಲ್ಲಿ ನಿಂತು ಕಿಸಕ್ ಅಂತಾಳೆ. ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ, ವೈಯಾಲಿಕಾವಲ್‌ನಲ್ಲಿ ನಾನು ಗಾರೆ ಹಾಕಿದ ಗೋಡೆಗಳ ಮೇಲೆ ಅಂಗೈ ಇಟ್ಟು ಎಳೆದರೆ ಹೊಸ ತಟ್ಟೆಯ ಮೇಲೆ ಕೈಯಾಡಿಸಿದ ಹಾಗೆ ಇರುತ್ತಿತ್ತು. ಕಂಟ್ರಾಕ್ಟರುಗಳು ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋಗೋರು. ಅಂಥವನು ಒಂದು ಬಿರುಕಿನ ಎದುರು ತಲೆ ತಗ್ಗಿಸಿ ನಿಲ್ಲಬೇಕೇ?

ಕೆಲಸದ ಜಾಗದಲ್ಲಿ ಅರ್ಧ ಚೀಲ ಸಿಮೆಂಟು ಮಿಕ್ಕಿತ್ತು. ಕಂಟ್ರಾಕ್ಟರರಿಗೆ ಹೇಳಿ ಸೈಕಲ್ ಹಿಂದೆ ಕಟ್ಟಿಕೊಂಡು ತಂದೆ.

"ಏನ್ರೀ ಇದು, ಸಿಮೆಂಟು?" ಅಂದಳು ಹೆಂಡತಿ. ಅವಳು ಎಂಟು ವರ್ಷ ನನ್ನ ಜೊತೆ ಬಾಂಡ್ಲಿ ಹೊತ್ತವಳು, ಕೆಲಸ ಬಲ್ಲವಳು. "ಮಾವ ಏನು ಹೇಳ್ತಿದ್ರು? ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಬೇಡ, ಅದ್ರ ಉಸಿರು ಕಟ್ಟುತ್ತೆ ಅಂತಿರ್ಲಿಲ್ವಾ?"

"ನಮ್ಮಪ್ಪನ ಕಾಲ ಬೇರೆ. ನೀನು ಮರಳು ಜರಡಿ ಹಿಡಿ."

"ಮೋರಿ ತೇವ ಒಳಗೇ ನಿಲ್ಲುತ್ತೆ ರೀ."

"ನಾಲ್ಕೇ ದಿನ ನಿಂತ್ರೆ ಸಾಕು ಕಣೇ. ಆಮೇಲೆ ಕಿತ್ತು ಸುಣ್ಣದಲ್ಲೇ ಮಾಡ್ತೀನಿ. ಹಿಡಿ ಅಂದ್ರೆ ಹಿಡಿ."

ಹಿಡಿದಳು. ಸಡಿಲ ಗಾರೆಯನ್ನೆಲ್ಲ ಕೆರೆದು ತೆಗೆದು ಬಳಿಯಬೇಕಿತ್ತು. ತೆಗೆದರೆ ಇಡೀ ಗೋಡೆಯೇ ಬೋಳಾಗುತ್ತದೆ, ನಾಲ್ಕು ದಿನದಲ್ಲಿ ಮುಗಿಯೋದಿಲ್ಲ ಅಂತ ಅದರ ಮೇಲೇ ಮೆತ್ತಿದೆ. ನನ್ನ ಕೈಕೆಳಗೆ ಯಾವನಾದರೂ ಹಾಗೆ ಮಾಡಿದ್ದರೆ ಕರಣೆ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಗೋಡೆ ಕನ್ನಡಿ ಹಾಗಿತ್ತು. ಟೈಲರ್ ಹೆಂಡತಿ ಬಂದು ನೋಡಿ, "ಪರ್ವಾಗಿಲ್ಲ, ಮೇಸ್ತ್ರಿ ಅನ್ಬೋದು" ಅಂದುಹೋದಳು. ಸೋಮವಾರ ಸುಣ್ಣ ಹೊಡೆದೆ.

ಗುರುವಾರ ಇಂಜಿನಿಯರ್ ಬಂದರು. ಚಿಕ್ಕ ವಯಸ್ಸಿನವರು, ಮಾತು ಕಮ್ಮಿ. ಅವರ ಜೊತೆ ಒಬ್ಬ ಜವಾನ, ಹಿಂದೆ ಬಿಳೀ ಪ್ಯಾಂಟಿನ ಯಜಮಾನ. ಬಂದವರು ಯಾರ ಮುಖವನ್ನೂ ನೋಡಲಿಲ್ಲ, ಕಟ್ಟಡ ನೋಡಿದರು. ತಾರಸಿ ಹತ್ತಿದರು, ತೊಲೆಗೆ ಮೊಳೆ ಚುಚ್ಚಿ ನೋಡಿದರು, ಎಂಟು ಮನೆಗಳ ಗೋಡೆಗೆ ಕೈಯಲ್ಲಿದ್ದ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಎಲ್ಲ ಕಡೆ ಟಣ್ ಟಣ್ ಅಂತು. ಪುಸ್ತಕದಲ್ಲಿ ಏನೋ ಬರೆದುಕೊಂಡರು. ಪೋಸ್ಟ್‌ಮಾಸ್ಟರ ಮುಖ ಅರಳುತ್ತಿತ್ತು. ಯಜಮಾನ ಗಡಿಯಾರ ನೋಡಿಕೊಳ್ಳುತ್ತಿದ್ದ.

ನಮ್ಮ ಮನೆಗೆ ಬಂದು ಪಡುವಣ ಗೋಡೆಗೆ ತಟ್ಟಿದರು. ಡಬ್ ಅಂತು.

ಇನ್ನೊಂದು ಕಡೆ ತಟ್ಟಿದರು. ಡಬ್.

ಆ ಸದ್ದು ಏನು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೆತ್ತಿದ್ದು ಗೋಡೆಯನ್ನು ಬಿಟ್ಟು ನಿಂತಿದೆ, ನಡುವೆ ಗಾಳಿ. ಇಂಜಿನಿಯರ್ ಜವಾನನ ಕಡೆ ಕೈ ಮಾಡಿದರು. ಅವನು ಸಣ್ಣ ಹಾರೆಯ ತುದಿ ಕೊಟ್ಟು ಮೀಟಿದ. ಮೊಳದಗಲ ಸಿಮೆಂಟು ಹಪ್ಪಳ ಎದ್ದ ಹಾಗೆ ಎದ್ದು ಕೆಳಗೆ ಬಿದ್ದು ಎರಡು ಹೋಳಾಯಿತು. ಹಿಂದಿನಿಂದ ಒದ್ದೆ ಸುಣ್ಣ ಪುಡಿಪುಡಿಯಾಗಿ ಉದುರಿತು, ಅದರ ನಡುವೆ ಆ ಬಿರುಕು.

"ಇದನ್ನ ಯಾವಾಗ ಬಳಿದಿದ್ದು?" ಅಂದರು ಇಂಜಿನಿಯರ್.

ನಾನು ಬಗ್ಗಿ ಬಿದ್ದ ಹೋಳನ್ನು ಎತ್ತಿಕೊಂಡೆ.

"ಭಾನುವಾರ ಸಾರ್" ಅಂದ ಯಜಮಾನ. ಅವನಿಗೆ ಹೇಗೆ ಗೊತ್ತಾಯಿತೋ. ವಠಾರ ಅಂದಮೇಲೆ ಎಲ್ಲರಿಗೂ ಎಲ್ಲ ಗೊತ್ತಾಗುತ್ತದೆ. "ಇವರು ಬಹಳ ದೊಡ್ಡ ಮೇಸ್ತ್ರಿ ಸಾರ್. ಬೀಳೋ ಗೋಡೇನೂ ಮದುವಣಗಿತ್ತಿ ಮಾಡ್ತಾರೆ."

ಇಂಜಿನಿಯರ್ ನಗಲಿಲ್ಲ. ಬರೆದುಕೊಂಡರು. ಆಮೇಲೆ ಪೋಸ್ಟ್‌ಮಾಸ್ಟರು ನಕಲು ತಂದು ಓದಿ ಹೇಳಿದರು: ಪಡುವಣ ಹೊರಗೋಡೆ ದುರ್ಬಲ, ಬಿರುಕನ್ನು ಇತ್ತೀಚಿನ ಪ್ಲಾಸ್ಟರಿನಿಂದ ಮರೆಮಾಚಲಾಗಿದೆ. ಉಳಿದ ಎಂಟು ಮನೆಗಳ ಗೋಡೆ ತಟ್ಟಿದರೆ ಗಟ್ಟಿ, ಆದರೆ ಅಲ್ಲೂ ಹೀಗೆ ಮರೆಮಾಚಿರುವ ಸಾಧ್ಯತೆ ಇದೆ.

ಆ ಕೊನೆಯ ಸಾಲು ಎಂಟು ಮನೆಯವರನ್ನೂ ನನ್ನ ಮೇಲೆ ಎತ್ತಿಕಟ್ಟಿತು.

ಮಾರನೇ ಬೆಳಿಗ್ಗೆ ನಲ್ಲಿ ಹತ್ತಿರ ನನ್ನ ಹೆಂಡತಿ ಬಿಂದಿಗೆ ಇಟ್ಟ ಕೂಡಲೇ ಟೈಲರ್ ಹೆಂಡತಿ ಕೈ ಅಡ್ಡ ಮಾಡಿದಳಂತೆ. "ದಾರಿ ಬಿಡ್ರೇ, ಮೇಸ್ತ್ರಿ ಹೆಂಡ್ತಿ ಮೊದ್ಲು ಹಿಡ್ಕೊಳ್ಲಿ. ಅವ್ರ ಗೋಡೆ ಬೀಳೋದ್ರೊಳಗೆ ನೀರು ತುಂಬಿಸ್ಕೋಬೇಕಲ್ಲ!" ಅಂದಳಂತೆ. ಇನ್ನೊಬ್ಬಳು, "ಅವ್ರ ಗೋಡೆ ಬಿದ್ರೆ ಬೀಳ್ಲಿ ಕಣಮ್ಮ, ನಮ್ಮದಕ್ಕೂ ಕಲ್ಲು ಹಾಕಿದ್ರಲ್ಲ" ಅಂದಳಂತೆ. ನನ್ನ ಹೆಂಡತಿ ಖಾಲಿ ಬಿಂದಿಗೆ ತಂದು ನನ್ನ ಮುಂದೆ ಕುಕ್ಕಿದಳು.

"ಕುಡೀರಿ" ಅಂದಳು. "ನಿಮ್ಮ ಸಿಮೆಂಟೇ ಕಲಸ್ಕೊಂಡು ಕುಡೀರಿ."

ನಾನು ತಿರುಗಿ ಮಾತಾಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ತುಂಬ ಮಾತಾಡಿದೆ. ಅವಳ ತವರಿನವರನ್ನೆಲ್ಲ ಎಳೆದು ತಂದೆ.

ವಿಚಾರಣೆಗೆ ಮೂರು ದಿನ ಇದ್ದಾಗ ಪೋಸ್ಟ್‌ಮಾಸ್ಟರು ನನ್ನನ್ನು ಕರೆದರು. ಕಾಫಿ ಕೊಡಿಸಿದರು. ಅವರು ಕಾಫಿ ಕೊಡಿಸಿದರೆ ಏನೋ ಇದೆ ಅಂತಲೇ ಲೆಕ್ಕ.

"ಮೇಸ್ತ್ರಿ, ಒಂದು ಮಾತು ನಿಜ ಹೇಳಿ. ಆ ಗೋಡೆ ಹಾಳಾಗಿದ್ಯಾ?"

"ಇಲ್ಲ."

"ಮತ್ತೆ ಯಾಕೆ ಕಿತ್ಕೊಂಡ್ ಬಂತು?"

ನಾನು ಲೋಟ ಕೆಳಗಿಟ್ಟೆ. "ಮೇಲೆ ಬಳಿದದ್ದು ಕಿತ್ಕೊಂಡ್ ಬಂತು. ಗೋಡೆ ಅಲ್ಲ."

"ಹಾಗಾದ್ರೆ ಬಳಿದದ್ದು ಕೆಟ್ಟ ಕೆಲಸ."

ಅವರನ್ನು ಬಿಟ್ಟು ಬೇರೆ ಯಾರಾದರೂ ಹಾಗಂದಿದ್ದರೆ ಕಾಲರ್ ಹಿಡಿಯುತ್ತಿದ್ದೆ.

"ಅದನ್ನೇ ಆಫೀಸರ್ ಮುಂದೆ ಹೇಳಿಬಿಡಿ" ಅಂದರು. "ತಪ್ಪು ನಂದು, ಗೋಡೇದಲ್ಲ ಅಂತ. ನಾನು ಹೇಳಿದ್ರೆ ಯಾರೂ ನಂಬಲ್ಲ, ನಾನು ಸ್ಟ್ಯಾಂಪ್ ಒತ್ತಿದವನು. ಗಾರೆಯವನೇ ಹೇಳ್ಬೇಕು."

"ಸ್ವಾಮಿ, ಅಲ್ಲಿ ಕಂಟ್ರಾಕ್ಟರುಗಳು ಕೂತಿರ್ತಾರೆ. ಇಂಜಿನಿಯರುಗಳು ಓಡಾಡ್ತಿರ್ತಾರೆ. ನಾಳೆ ನನಗೆ ಕೆಲಸ ಕೊಡೋರು ಅವ್ರೇ. ಅವರ ಮುಂದೆ ನಿಂತು ನನಗೆ ಗಾರೆ ಹಾಕೋಕೆ ಬರಲ್ಲ ಅನ್ಬೇಕಾ? ನೀವು ಮೂವತ್ತು ವರ್ಷ ಯಾರದೋ ಕಾಗದ ಇನ್ಯಾರದೋ ಮನೆಗೆ ಹಾಕಿಸ್ತಿದ್ದೆ ಅಂತ ಒಪ್ಕೊಂಡು ಹೇಳ್ತೀರಾ?"

"ಒಂಬತ್ತು ಮನೆ ಉಳಿಯೋದಾದ್ರೆ ಹೇಳ್ತೀನಪ್ಪ."

"ಹೇಳೋದು ಸುಲಭ" ಅಂದು ಎದ್ದು ಬಂದೆ. ಕಾಫಿ ಅರ್ಧ ಹಾಗೇ ಬಿಟ್ಟೆ.

ವಿಚಾರಣೆ ನಡೆದದ್ದು ಕಾರ್ಪೊರೇಷನ್ ಆಫೀಸಿನ ಮಹಡಿಯ ಒಂದು ಉದ್ದ ರೂಮಿನಲ್ಲಿ. ಗೋಡೆಯುದ್ದಕ್ಕೂ ಕಡತಗಳು, ಮೇಲೊಂದು ಫ್ಯಾನು. ನಡುವಿನ ಮೇಜಿನ ಆಚೆ ಅರ್ಧ ನರೆತ ತಲೆಯ ಆಫೀಸರು, ಪಕ್ಕದಲ್ಲಿ ನಮ್ಮ ಇಂಜಿನಿಯರು. ಒಂದು ಕಡೆ ಯಜಮಾನ ಮತ್ತು ಅವನ ವಕೀಲರು, ಇನ್ನೊಂದು ಕಡೆ ನಾವು. ಮೇಜಿನ ಮೇಲೆ ಫ್ಲ್ಯಾಟಿನ ನಕ್ಷೆ ಹರಡಿತ್ತು. ಅಡುಗೆಮನೆ, ಬಚ್ಚಲು ಎಲ್ಲ ನೀಲಿ ಗೆರೆಯಲ್ಲಿ. ನಮ್ಮ ಮನೆ ಇದ್ದ ಜಾಗದಲ್ಲಿ ಕಾರು ನಿಲ್ಲಿಸೋ ಜಾಗ ಬರೆದಿದ್ದರು. ನಕ್ಷೆ ಓದೋದಕ್ಕೆ ನನಗೆ ಯಾರ ಸಹಾಯವೂ ಬೇಡ. ತಲೆಕೆಳಗಾಗಿ ಕಂಡರೂ ಓದುತ್ತೇನೆ.

ಪೋಸ್ಟ್‌ಮಾಸ್ಟರು ಅರ್ಜಿ ಓದಿದರು. ಚೆನ್ನಾಗಿ ಓದಿದರು. ಆಫೀಸರು ಕೇಳಿಸಿಕೊಂಡು, "ಅದೆಲ್ಲ ಸರಿ. ಎಂಟು ಮನೆ ಗಟ್ಟಿ ಅಂತ ಇಂಜಿನಿಯರೇ ಬರೆದಿದಾರೆ. ಆದ್ರೆ ಈ ಹೊರಗೋಡೆ? ಭಾರ ಹೊರೋದು ಅದೇ. ಅದು ಹೋದ್ರೆ ಎಲ್ಲ ಹೋಯ್ತು. ಅದಕ್ಕೇನಂತೀರಿ?" ಅಂದರು.

ಪೋಸ್ಟ್‌ಮಾಸ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಖಂಡಿತ ಬಾಯಿ ಬಿಡುತ್ತಿರಲಿಲ್ಲ.

ಆಗ ಯಜಮಾನ ಎದ್ದು ನಿಂತ. ಅವನ ದನಿ ಜೇನುತುಪ್ಪದ ಹಾಗಿತ್ತು. "ಸಾರ್, ನಾನು ಬಾಡಿಗೆದಾರರ ಮೇಲೆ ದೂರು ಹೇಳೋಕೆ ಬಂದಿಲ್ಲ. ಈ ಮೇಸ್ತ್ರಿ ನಮ್ಮ ತಂದೆ ಕಾಲದಿಂದ ಇರೋರು. ಇವರ ಕೈಕೆಲಸ ಅಂದ್ರೆ ಚಾಮರಾಜಪೇಟೆಗೇ ಗೊತ್ತು. ಇಂಥವರು ಬಳಿದದ್ದೇ ನಾಲ್ಕು ದಿನಕ್ಕೆ ಉದುರಿದೆ ಅಂದ್ರೆ ಏನರ್ಥ ಸಾರ್? ಗೋಡೇಲಿ ಜೀವ ಇಲ್ಲ ಅಂತ ಅರ್ಥ. ಇಂಥ ಮೇಸ್ತ್ರಿ ಕೈಲೇ ಆಗದ್ದು ಇನ್ಯಾರ ಕೈಲಿ ಆಗುತ್ತೆ?"

ಅಷ್ಟು ದಿನದಲ್ಲಿ ನನ್ನನ್ನು ಹೊಗಳಿದವನು ಅವನೊಬ್ಬನೇ. ಎಲ್ಲರೂ ಕೇಳುವ ಹಾಗೆ, ಆಫೀಸರ ಮುಂದೆ, ಇಂಜಿನಿಯರ ಮುಂದೆ. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಮೇಸ್ತ್ರಿಯ ಹೆಸರು ಉಳಿಯುತ್ತಿತ್ತು, ಗೋಡೆ ಸತ್ತಿದೆ ಅಂತಾಗುತ್ತಿತ್ತು. ಅವನು ನನ್ನ ಕಡೆ ತಿರುಗಿ ಒಂದು ಸಣ್ಣ ನಗು ನಕ್ಕ. ಅವನಪ್ಪ "ನೋಡ್ಕೊಳ್ಳಪ್ಪ" ಅನ್ನುವಾಗ ನಗುತ್ತಿದ್ದರಲ್ಲ, ಅದೇ ಮುಖ, ಅದೇ ನಗು. ನನಗೆ ಮೈ ಉರಿದುಹೋಯಿತು.

"ಸಾರ್" ಅಂದೆ ಎದ್ದು. "ಕೆಲಸ ಕೆಟ್ಟದ್ದು. ಗೋಡೆ ಅಲ್ಲ."

"ಜೋರಾಗಿ ಹೇಳಿ."

"ನಾನು ಬಳಿದದ್ದು ಕೆಟ್ಟ ಕೆಲಸ ಸಾರ್! ಸುಣ್ಣದ ಗೋಡೆ ಮೇಲೆ ಸಿಮೆಂಟ್ ಹಾಕ್ಬಾರ್ದು. ಹಳೇ ಗಾರೆ ಕೆರೆದು ತೆಗೀದೆ ಅದ್ರ ಮೇಲೇ ಮೆತ್ತಿದೆ. ಕೆಲಸ ಕಲಿಯೋನೂ ಹಾಗೆ ಮಾಡಲ್ಲ. ನೀವು ಬರ್ತೀರಂತ ಅವಸರದಲ್ಲಿ ಮಾಡಿದೆ. ಬಿರುಕಿದ್ದದ್ದು ಮೇಲಿನ ಗಾರೆಗೆ. ಒಳಗಿನ ಇಟ್ಟಿಗೆ ಕಬ್ಬಿಣ ಇದ್ದ ಹಾಗಿದೆ. ಬನ್ನಿ, ಒಡೆದು ತೋರಿಸ್ತೀನಿ."

ಬಾಗಿಲ ಹತ್ತಿರ ನಿಂತಿದ್ದ ಇಬ್ಬರು ಕಂಟ್ರಾಕ್ಟರುಗಳು ಕತ್ತು ಹೊರಳಿಸಿ ನನ್ನನ್ನೇ ನೋಡಿದರು. ಒಬ್ಬ ನನಗೆ ಗೊತ್ತಿದ್ದವನು. ಆಮೇಲೆ ಅವನು ಎರಡು ವರ್ಷ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ.

ಯಜಮಾನನ ವಕೀಲರು ನಿಧಾನಕ್ಕೆ ಎದ್ದರು. ಅವರ ಮುಖದಲ್ಲಿ ಬೇಸರ ಏನೂ ಕಾಣಲಿಲ್ಲ. "ಒಂದೇ ಪ್ರಶ್ನೆ. ಈ ಪ್ಲಾಸ್ಟರ್ ಹಾಕೋ ಮುಂಚೆ ಮಾಲೀಕರ ಲಿಖಿತ ಅನುಮತಿ ತಗೊಂಡಿದ್ರಾ?"

"ಹದಿನಾಲ್ಕು ವರ್ಷದಿಂದ..."

"ತಗೊಂಡಿದ್ರಾ, ಇಲ್ವಾ?"

"ಇಲ್ಲ."

"ಅನುಮತಿ ಇಲ್ಲದೆ ಕಟ್ಟಡದ ಗೋಡೆಗೆ ಕೈ ಹಾಕಿ ಹಾಳು ಮಾಡಿದೀನಿ ಅಂತ ಒಪ್ಕೊಳ್ತಿದೀರಿ. ದಯವಿಟ್ಟು ಇದನ್ನ ಬರ್ಕೋಬೇಕು ಸಾರ್."

ಬರೆದುಕೊಂಡರು. ನಾನು ಓದಿ ಸಹಿ ಹಾಕಿದೆ. ಬೆರಳಿಟ್ಟುಕೊಂಡೇ ಓದಿದೆ. ಅವರೆಲ್ಲ ಕಾಯಬೇಕಾಯಿತು.

ಆಫೀಸರು ಇಂಜಿನಿಯರ ಜೊತೆ ಮೆಲ್ಲಗೆ ಏನೋ ಮಾತಾಡಿ, ಇನ್ನೊಂದು ಸಲ ಗೋಡೆ ನೋಡಿ ಬನ್ನಿ ಅಂದರು.

ಎರಡನೇ ಸಲ ಇಂಜಿನಿಯರ್ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ವಠಾರದವರೆಲ್ಲ ಅಂಗಳದಲ್ಲಿ ನಿಂತಿದ್ದರು. ಗಲ್ಲಿಯಲ್ಲೂ ಜನ. ಯಜಮಾನ ಸ್ಕೂಟರಿನ ಮೇಲೇ ಕೂತಿದ್ದ. ನಾನು ಉಳಿ ಹಿಡಿದು ಆ ಕನ್ನಡಿಯಂಥ ಸಿಮೆಂಟನ್ನು ನಾನೇ ಕಿತ್ತೆ. ನನ್ನ ಕೈಯಿಂದ ನಯ ಮಾಡಿದ್ದನ್ನು ನನ್ನ ಕೈಯಿಂದಲೇ ಹೋಳು ಹೋಳಾಗಿ ಕೆಡವೋದು ಎಂಥ ಕೆಲಸ ಅಂತ ಆ ಕಸುಬಿನವನಿಗೆ ಮಾತ್ರ ಗೊತ್ತು. ಹೆಂಡತಿ ಬಂದು ಬಾಂಡ್ಲಿ ಹಿಡಿದಳು. ನಾನು ಕರೆದಿರಲಿಲ್ಲ. ಎರಡು ವಾರದಿಂದ ನಮಗೆ ಮಾತಿರಲಿಲ್ಲ. ಕಿತ್ತದ್ದನ್ನು ತುಂಬಿ ತುಂಬಿ ಗಲ್ಲಿಗೆ ಸುರಿದು ಬಂದಳು.

ಸಿಮೆಂಟು ಹೋಯಿತು. ಹಳೇ ಸಡಿಲ ಗಾರೆಯನ್ನೂ ಕೆರೆದೆ. ಇಟ್ಟಿಗೆ ಕಂಡಿತು. ಕೆಂಪು ಇಟ್ಟಿಗೆ, ಸಂದಿಯಲ್ಲಿ ಬೆಳ್ಳಗೆ ಕಲ್ಲಾಗಿ ಕೂತ ಸುಣ್ಣ. ಬಿರುಕು ಇದ್ದ ಜಾಗದಲ್ಲಿ ಇಟ್ಟಿಗೆಯ ಮೇಲೆ ಒಂದು ಗೀರೂ ಇರಲಿಲ್ಲ.

ಉಳಿ, ಸುತ್ತಿಗೆ ಇಂಜಿನಿಯರ ಕೈಗೆ ಕೊಟ್ಟೆ. "ನೀವೇ ಹೊಡೀರಿ ಸಾರ್."

ಹೊಡೆದರು. ಟಣ್ ಅಂತು. ಉಳಿ ಹಿಂದಕ್ಕೆ ಪುಟಿಯಿತು. ಇನ್ನೊಂದು ಕಡೆ ಜೋರಾಗಿ ಹೊಡೆದರು. ಸಂದಿಯಿಂದ ಉಗುರಿನಷ್ಟು ಸುಣ್ಣ ಹಾರಿತು, ಅಷ್ಟೇ. ಅವರು ಹೆಬ್ಬೆರಳಿನ ಉಗುರನ್ನು ಸಂದಿಯುದ್ದಕ್ಕೂ ಎಳೆದು ನೋಡಿದರು. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಇಷ್ಟು ಗೊತ್ತಿದ್ದೂ ಮೇಲೆ ಸಿಮೆಂಟ್ ಯಾಕ್ರೀ ಹಾಕಿದ್ರಿ?"

"ಬುದ್ಧಿ ಕೆಟ್ಟಿತ್ತು ಸಾರ್."

ಸ್ಕೂಟರು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ತಿಂಗಳಾದ ಮೇಲೆ ಆರ್ಡರು ಬಂತು. ಕಟ್ಟಡ ಶಿಥಿಲ ಎನ್ನುವುದಕ್ಕೆ ಆಧಾರವಿಲ್ಲ, ಆ ಕಾರಣಕ್ಕೆ ಕೆಡವಲು ಅನುಮತಿ ಕೊಡಲಾಗದು, ಪ್ಲ್ಯಾನನ್ನು ಹಿಂದಿರುಗಿಸಲಾಗಿದೆ. ಪೋಸ್ಟ್‌ಮಾಸ್ಟರು ಅಂಗಳದಲ್ಲಿ ನಿಂತು ಎರಡು ಸಲ ಓದಿದರು. ಯಾರೋ ಬೆಲ್ಲ ಹಂಚಿದರು. ನನ್ನ ಕೈಗೂ ಒಂದು ಚೂರು ಕೊಟ್ಟರು. ನಾನು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಒಂದೂವರೆ ತಿಂಗಳು ಮುಖ ತಿರುಗಿಸಿದವರು ಒಂದು ಚೂರು ಬೆಲ್ಲಕ್ಕೆ ಸರಿಹೋಗುತ್ತೆ ಅಂದುಕೊಂಡಿದ್ದರು.

ಅದಾದ ವಾರಕ್ಕೇ ವಕೀಲರ ನೋಟಿಸ್ ಬಂತು, ನನ್ನೊಬ್ಬನ ಹೆಸರಿಗೆ. ಅನುಮತಿ ಇಲ್ಲದೆ ಗೋಡೆಗೆ ಕೈ ಹಾಕಿ ಹಾಳು ಮಾಡಿದ್ದಾಗಿ ನೀವೇ ಒಪ್ಪಿ ಸಹಿ ಹಾಕಿದ್ದೀರಿ, ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿ ಅಂತ.

ಪೋಸ್ಟ್‌ಮಾಸ್ಟರು ಓಡಿಬಂದರು. "ಕೋರ್ಟಿಗೆ ಹೋಗೋಣ ಮೇಸ್ತ್ರಿ. ಹಳೇ ಯಜಮಾನ್ರು ಬಾಯಿಮಾತಲ್ಲೇ ಒಪ್ಪಿದ್ರು ಅಂತ ನಾವೆಲ್ಲ ಸಾಕ್ಷಿ ಹೇಳ್ತೀವಿ. ಇದು ಹತ್ತು ವರ್ಷ ನಡೆಯುತ್ತೆ, ಅಲ್ಲೀವರೆಗೂ ಯಾರೂ ನಿಮ್ಮನ್ನ ಅಲ್ಲಾಡಿಸೋಕಾಗಲ್ಲ."

"ಕೋರ್ಟಲ್ಲಿ ಏನು ಹೇಳ್ಬೇಕು ಸ್ವಾಮಿ? ಹಾಳು ಮಾಡಿಲ್ಲ ಅನ್ನಬೇಕಾ?"

"ಹಾಳು ಅನ್ನೋ ಪದಕ್ಕೆ ಕಾನೂನಲ್ಲಿ..."

"ನಾನು ಹೇಳಿದ್ದು, ನಾನು ಓದಿದ್ದು, ನಾನು ಸಹಿ ಹಾಕಿದ್ದು. ಅಷ್ಟು ಜನರ ಮುಂದೆ ಒಂದ್ಸಲ ಮಾನ ಬಿಟ್ಟು ನಿಜ ಹೇಳಿದೀನಿ. ಈಗ ಅದನ್ನ ಸುಳ್ಳು ಅನ್ನೋಕೆ ಹತ್ತು ವರ್ಷ ಓಡಾಡಲ್ಲ. ನೀವೆಲ್ಲ ಇಲ್ಲೇ ಚೆನ್ನಾಗಿರಿ."

ಕೊನೆಯ ಮಾತನ್ನು ಚುಚ್ಚಿಯೇ ಹೇಳಿದೆ. ಅವರಿಗೆ ನೋವಾಯಿತು ಅಂತ ಗೊತ್ತಾಯಿತು. ನನಗೆ ಅದು ಬೇಕಾಗಿತ್ತು.

ಮತ್ತಿಕೆರೆಯಲ್ಲಿ ಎರಡು ರೂಮಿನ ಮನೆ ಸಿಕ್ಕಿತು. ಆದರೆ ಆ ಗೋಡೆಯನ್ನು ಬೋಳಾಗಿ ಬಿಟ್ಟುಹೋಗೋದು ನನ್ನ ಕೈಲಾಗಲಿಲ್ಲ. ಹಾಗೇ ಬಿಟ್ಟಿದ್ದರೆ ಯಜಮಾನನಿಗೇ ನಷ್ಟ ಆಗುತ್ತಿತ್ತು, ಬಿಡಬಹುದಿತ್ತು. ಹೆಂಡತಿ, "ಏನಕ್ಕೆ ರೀ ಇನ್ನು?" ಅಂದಳು. ಕೇಳಿದವಳೇ ಅಳಲೆಕಾಯಿ ಕುಟ್ಟೋದಕ್ಕೆ ಕೂತಳು. ಸುಣ್ಣ ಅರಳಿಸಿದೆವು, ಒರಳಲ್ಲಿ ಅರೆದೆವು, ಬೆಲ್ಲದ ನೀರು ಹಾಕಿ ಕೊಳೆಯಲು ಬಿಟ್ಟೆವು. ನಮ್ಮಪ್ಪ ಹೇಳಿಕೊಟ್ಟ ಹಾಗೆ ಮೂರು ಸಲ ಬಳಿದೆ. ಯಾವ ಅವಸರವೂ ಮಾಡಲಿಲ್ಲ.

ಬಳಿಯುತ್ತಿದ್ದಾಗ ಯಜಮಾನ ಬಂದ. ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಿ, "ಏನಯ್ಯಾ ಮೇಸ್ತ್ರಿ, ಯಾರ ಪರ್ಮಿಷನ್ ತಗೊಂಡು ಮತ್ತೆ ಗೋಡೆ ಮುಟ್ತಿದೀಯಾ?" ಅಂದ.

"ಇದಕ್ಕೂ ಒಂದು ನೋಟಿಸ್ ಕಳ್ಸಪ್ಪ" ಅಂದೆ, ತಿರುಗಿ ನೋಡದೆ. "ಮತ್ತಿಕೆರೆ ಅಡ್ರೆಸ್ ಕೊಟ್ಟಿರ್ತೀನಿ."

ಟೈಲರ್ ಹೆಂಡತಿ ಕಿಸಕ್ ಅಂದಳು. ಈ ಸಲ ನನ್ನ ಮೇಲಲ್ಲ. ಅವನು ಹೊರಟುಹೋದ.

ಮನೆ ಖಾಲಿ ಮಾಡೋ ದಿನಕ್ಕೆ ಬಳಿದು ಹನ್ನೆರಡು ದಿನ ಆಗಿತ್ತು. ಮೂರು ವಾರ ತುಂಬೋದಕ್ಕೆ ಇನ್ನೂ ಒಂಬತ್ತು ದಿನ ಎರಡು ಹೊತ್ತೂ ನೀರು ಕಾಣಿಸಬೇಕು, ಇಲ್ಲದಿದ್ದರೆ ಎಳೆಎಳೆಯಾಗಿ ಸೀಳುತ್ತದೆ. ಯಾರನ್ನೂ ಕೇಳಬಾರದು ಅಂದುಕೊಂಡಿದ್ದೆ. ಗಾಡಿಗೆ ಪಾತ್ರೆ ಏರಿಸುತ್ತಿದ್ದಾಗ ಟೈಲರ್ ಹೆಂಡತಿ ಮಜ್ಜಿಗೆ ತಂದಳು. ನಾನು ಬೇಡ ಅಂದೆ. ನನ್ನ ಹೆಂಡತಿ ತಗೊಂಡು ಕುಡಿದಳು. ಕುಡಿದು ಲೋಟ ವಾಪಸು ಕೊಡುತ್ತಾ, "ಗೋಡೆಗೆ ಒಂಬತ್ತು ದಿನ ನೀರು ಹಾಕ್ತೀರೇನ್ರೀ? ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ" ಅಂದಳು. ಟೈಲರ್ ಹೆಂಡತಿ ನನ್ನ ಮುಖ ನೋಡಿದಳು. ನಾನು ಹಗ್ಗ ಬಿಗಿಯುತ್ತಿದ್ದೆ.

"ಒಳಗೂ ಹಾಕ್ಬೇಕಾ, ಹೊರಗೂ ಹಾಕ್ಬೇಕಾ?" ಅಂದಳು.

"ಎರಡೂ ಕಡೆ" ಅಂದೆ. "ಎರಚಬೇಡಿ. ಚಿಮುಕಿಸಿ."

ತಿಂಗಳು ಕಳೆದ ಮೇಲೆ ಕೆಲಸದ ನೆಪದಲ್ಲಿ ಚಾಮರಾಜಪೇಟೆಗೆ ಹೋಗಿದ್ದೆ. ವಠಾರದೊಳಗೆ ಕಾಲಿಡಲಿಲ್ಲ, ಇವತ್ತಿಗೂ ಇಟ್ಟಿಲ್ಲ. ಹಿಂದಿನ ಗಲ್ಲಿಯಲ್ಲಿ ಸೈಕಲ್ ನಿಲ್ಲಿಸಿದೆ. ಗೋಡೆ ಒಣಗಿ ಬೆಳ್ಳಗಾಗಿತ್ತು. ಎಲ್ಲೂ ಒಂದು ಸೀಳಿರಲಿಲ್ಲ. ಬೆರಳಿನ ಗೆಣ್ಣಿನಿಂದ ಕಿಟಕಿಯ ಹತ್ತಿರ ತಟ್ಟಿದೆ, ಕೆಳಗೆ ತಟ್ಟಿದೆ, ಮೂಲೆಯಲ್ಲಿ ತಟ್ಟಿದೆ. ಎಲ್ಲ ಕಡೆ ಒಂದೇ ಸದ್ದು.

ಒಳಗೆ ಆಗಲೇ ಬೇರೆ ಬಾಡಿಗೆಯವರು ಬಂದಿದ್ದರು ಅಂತ ಕಾಣುತ್ತೆ. ಕಿಟಕಿಯಿಂದ ಒಬ್ಬ ಹೆಂಗಸು ಕೂಗಿದಳು. "ಯಾರ್ರೀ ಅದು ಗೋಡೆ ಬಡಿಯೋರು?"

"ಗಾರೆಯವನು" ಅಂದು ಸೈಕಲ್ ಹತ್ತಿದೆ.